ನಲವತ್ತೊಂದು ಮಕ್ಕಳು ಬರೆದ ಒಂದೇ ತಪ್ಪು

ನಾನು ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದೆ. ಪರಶುರಾಂಪುರದಲ್ಲಿ ಶುರು ಮಾಡಿ, ತಳಕಿನಲ್ಲಿ ಬಹಳ ಕಾಲ ಇದ್ದು, ಮೊಳಕಾಲ್ಮೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮುಗಿಸಿದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇದನ್ನು ಓದುತ್ತಾರೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದವರು ನನ್ನನ್ನು ಸಾವಿರಾರು ಮಕ್ಕಳ ಬಾಳು ಬೆಳಗಿಸಿದವರು ಎಂದು ಹೊಗಳಿದರು. ಹಾಗೆ ಹೊಗಳಿದವರು ನನ್ನ ತರಗತಿಯಲ್ಲಿ ಒಂದು ದಿನವೂ ಕೂತವರಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಬಾಳು ಬೆಳಗಿಸುವ ವಿಷಯ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ನಾನು ಮಾಡಿದ ಒಂದು ತಪ್ಪಿನ ವಿಷಯ ಮಾತ್ರ ಇಲ್ಲಿ ಬರೆಯುತ್ತೇನೆ. ತಪ್ಪು ಚಿಕ್ಕದು. ಒಂದು ಕಾಗುಣಿತದ್ದು.

ನಾನು ಸೇರಿದಾಗ ಹತ್ತನೆಯ ತರಗತಿಯೊಂದನ್ನು ಬಿಟ್ಟು ಉಳಿದ ಪರೀಕ್ಷೆಗಳೆಲ್ಲ ನಮ್ಮ ಕೈಯಲ್ಲೇ ಇದ್ದವು. ಪ್ರಶ್ನೆ ನಾವೇ ಬರೆಯುತ್ತಿದ್ದೆವು, ಸ್ಟೆನ್ಸಿಲ್ ನಾವೇ ಕೊರೆಯುತ್ತಿದ್ದೆವು, ಸೈಕ್ಲೋಸ್ಟೈಲಿನ ಮಸಿ ಸೀರೆಗೆ ಬಳಿದುಕೊಂಡು ಮನೆಗೆ ಹೋಗುತ್ತಿದ್ದೆವು, ತಿದ್ದುವುದೂ ನಾವೇ. ಪರಶುರಾಂಪುರದಲ್ಲಿ ಮೊದಲ ವರ್ಷ "ಐದು ವಾಕ್ಯಗಳಲ್ಲಿ ಉತ್ತರಿಸಿ" ಎಂದು ಒಂದು ಪ್ರಶ್ನೆ ಕೊಟ್ಟಿದ್ದೆ. ಒಬ್ಬ ನಾಲ್ಕು ವಾಕ್ಯ ಚೆನ್ನಾಗಿ ಬರೆದು, ಕೆಳಗೆ "ಇದು ಐದನೇ ವಾಕ್ಯ" ಎಂದು ಬರೆದು ಚುಕ್ಕೆ ಇಟ್ಟಿದ್ದ. ನಾನು ಒಂದು ಅಂಕ ಕಳೆದೆ. ಆಗಿನ ಹೆಡ್‌ಮಾಸ್ತರು ಉತ್ತರಪತ್ರಿಕೆ ತರಿಸಿ ನೋಡಿ, "ಕೇಳಿದ್ದು ಐದು, ಬರ್ದಿದ್ದು ಐದು. ಎಣಿಕೆ ಸರಿ ಐತಲ್ಲಮ್ಮ" ಎಂದು ಅಂಕ ವಾಪಸ್ ಕೊಡಿಸಿದರು. ಅವರ ಮೇಲೆ ನನಗೆ ತುಂಬ ದಿನ ಸಿಟ್ಟಿತ್ತು. ಈಗ ಅನ್ನಿಸುತ್ತದೆ, ಅಂಥ ಜಗಳ ಶಾಲೆಯ ಒಳಗೇ ಹುಟ್ಟಿ ಒಳಗೇ ಮುಗಿಯುತ್ತಿದ್ದುದು ಒಳ್ಳೆಯದೇ ಇತ್ತು.

ನನ್ನ ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಎಂಟನೆಯ ತರಗತಿಗೆ ಇಡೀ ಜಿಲ್ಲೆಗೆ ಒಂದೇ ಪ್ರಶ್ನೆಪತ್ರಿಕೆ ಎಂದರು. ಆಮೇಲೆ ಇಲ್ಲ ಎಂದರು. ಆಮೇಲೆ ಉಂಟು ಎಂದರು. ಉತ್ತರಪತ್ರಿಕೆಗಳನ್ನು ಬೇರೆ ತಾಲ್ಲೂಕಿನವರು ತಿದ್ದುತ್ತಾರೆ, ಶಾಲೆವಾರು ಫಲಿತಾಂಶದ ಪಟ್ಟಿ ಹೊರಡುತ್ತದೆ ಎಂದರು. ನಮ್ಮ ಹೆಡ್‌ಮಾಸ್ತರು ತಿಪ್ಪೇಸ್ವಾಮಿ ಗಣಿತದವರು. ಒಳ್ಳೆಯ ಮನುಷ್ಯ. ಕೋಷ್ಟಕದಲ್ಲಿ ತುಂಬಲು ಬಾರದ ಯಾವುದೂ ಪ್ರಪಂಚದಲ್ಲಿ ಇದೆ ಎಂದು ಅವರಿಗೆ ನಂಬಿಕೆ ಇರಲಿಲ್ಲ. ಪಟ್ಟಿಯ ಸುದ್ದಿ ಬಂದ ವಾರವೇ ಪೋಷಕರ ಸಭೆ ಕರೆದರು.

ಸಭೆಯ ವಿಷಯ ಇತಿಹಾಸ. ವಾರದಲ್ಲಿ ಇತಿಹಾಸಕ್ಕೆ ಇದ್ದ ಪಿರಿಯಡ್‌ಗಳಲ್ಲಿ ಒಂದನ್ನು ಪಾಠಕ್ಕೆ ಉಳಿಸಿ, ಮಿಕ್ಕಿದ್ದರಲ್ಲಿ ಪ್ರಶ್ನೋತ್ತರದ ನೋಟ್ಸ್ ಬಾಯಿಪಾಠ ಮಾಡಿಸುವುದೋ ಬೇಡವೋ ಎಂಬುದು ಪ್ರಶ್ನೆ. ಇದರಲ್ಲಿ ಇತಿಹಾಸ ಬೇಕು ಎಂದು ಎದ್ದು ನಿಂತವರು ಓದು ಬಾರದ ಓಬಯ್ಯನವರು. ಸಾಕು ಎಂದವರು ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಪದ್ಮಕ್ಕ.

ಓಬಯ್ಯನವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಅವರ ಕಿರಿಯ ಮಗ ನಮ್ಮ ಎಂಟನೆಯ ತರಗತಿಯಲ್ಲಿದ್ದ. ಅವರು ಕುರಿ ಮೇಯಿಸುತ್ತಿದ್ದದ್ದು ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಯ ಬುಡದಲ್ಲಿ. ಅಲ್ಲಿ ಅಶೋಕನ ಶಾಸನ ಕೊರೆದ ಬಂಡೆ ಇದೆ. ಊರವರು ಅದನ್ನು ಅಕ್ಷರಗುಂಡು ಅನ್ನುತ್ತಾರೆ.

"ಮೇಡಮ್ಮೋರೆ, ಬೆಂಗ್ಳೂರಿಂದ ಕಾರ್ ಮಾಡ್ಕೊಂಡು ಬರ್ತಾರೆ. ಗುಂಡಿನಾಗೆ ಏನ್ ಬರ್ದೈತೆ ಯಜಮಾನ್ರೇ ಅಂತ ನನ್ನ ಕೇಳ್ತಾರೆ. ಅಕ್ಷರ ಬರ್ದೈತೆ ಅಂತೀನಿ. ಅದು ನಮಗೂ ಕಾಣ್ತದೆ ಅಂತಾರೆ. ನನಗಂತೂ ಬರ್ಲಿಲ್ಲ, ನಮ್ ಹುಡುಗ್ರಾದ್ರೂ ಹೇಳಂಗಾಗ್ಲಿ."

ಪದ್ಮಕ್ಕ ನೇಕಾರರ ಮನೆಯವರು. ಮನೆಯ ಮಾತು ತೆಲುಗು, ಹೊರಗೆ ಕನ್ನಡ. ಮಗಳು ಭಾರ್ಗವಿ ನಮ್ಮ ಎಂಟನೆಯ ತರಗತಿಯಲ್ಲಿ ಮುಂದಿನ ಸಾಲಿನ ಹುಡುಗಿ.

"ಓಬಯ್ಯಣ್ಣ, ಗುಂಡು ಎಲ್ಲಿಗೂ ಹೋಗಲ್ಲ, ಎರಡು ಸಾವ್ರ ವರ್ಸದಿಂದ ಅಲ್ಲೇ ಬಿದ್ದೈತೆ. ಪರೀಕ್ಷೆ ಮಾರ್ಚ್‌ಗೆ ಬರ್ತೈತೆ" ಎಂದರು ಪದ್ಮಕ್ಕ. "ಮೇಡಂ ಚೆನ್ನಾಗೇ ಹೇಳ್ತಾರೆ, ನಾನು ಇಲ್ಲ ಅನ್ನಲ್ಲ. ನಮ್ಮ ಭಾರ್ಗವಿ ಅಷ್ಟೂ ಕತೆ ಮನೆಗೆ ಬಂದು ನನಗೆ ಒಪ್ಪಿಸ್ತಾಳೆ. ಪೇಪರ್‌ನಾಗೆ ಕತೆ ಕೇಳ್ತಾರಾ? ಯಾರು, ಎಲ್ಲಿ, ಯಾವಾಗ. ಅಷ್ಟೇ ಕೇಳೋದು. ಅಷ್ಟನ್ನೇ ಬರ್ದು ಕೊಟ್ಬಿಡ್ಲಿ."

"ಅಂಗಾದ್ರೆ ಇನ್ನೊಂದು ಕೇಳ್ತೀನಿ" ಎಂದರು ಓಬಯ್ಯನವರು, ಈ ಸಲ ಹೆಡ್‌ಮಾಸ್ತರ ಕಡೆ ತಿರುಗಿ. "ದೊಡ್ಡ ಮಗ ಓದಿದ್ ಪುಸ್ತಕ ಸಣ್ಣೋನಿಗೆ ಆಗಲ್ಲ, ಪಾಠ ಬದಲಾಗೈತೆ ಅಂತೀರಿ. ಹಳೇ ಕಾಲದಾಗೆ ಆಗಿ ಮುಗಿದಿದ್ದು ಹೆಂಗ್ ಸಾರ್ ಬದಲಾಗ್ತದೆ?"

"ಸುತ್ತೋಲೆ ಬಂದಿದೆ" ಎಂದರು ಹೆಡ್‌ಮಾಸ್ತರು.

ಕನ್ನಡದ ಮೇಷ್ಟ್ರು ಓಬಯ್ಯನವರ ಪರ, ವಿಜ್ಞಾನದವರು ಪದ್ಮಕ್ಕನ ಪರ ಸ್ವಲ್ಪ ಹೊತ್ತು ಮಾತಾಡಿದರು. ಕೊನೆಗೆ ಹೆಡ್‌ಮಾಸ್ತರು ಕೈ ಎತ್ತಿಸಿದರು. ನೋಟ್ಸಿನ ಪರ ಹೆಚ್ಚು ಕೈ ಎದ್ದವು. ಆ ಕೈಗಳಲ್ಲಿ ನನ್ನದೂ ಒಂದು. ಪಟ್ಟಿಯಲ್ಲಿ ನನ್ನ ವಿಷಯ ಕೆಳಗೆ ಬರುವುದು ನನಗೂ ಬೇಕಿರಲಿಲ್ಲ.

ಸಭೆ ಮುಗಿದ ಮೇಲೆ ಪದ್ಮಕ್ಕ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದರು. "ನಾನು ನಿಮ್ಮ ಪಾಠ ಬ್ಯಾಡ ಅಂದೆ ಅಂತ ಬೇಜಾರು ಮಾಡ್ಕೋಬ್ಯಾಡ್ರಿ ಮೇಡಂ. ನಮ್ಮನೆಯೋರು ಎಂಟು ಮುಗಿದ್ರೆ ಸಾಕು, ಎರಡನೇ ಮಗ್ಗಕ್ಕೆ ಕೂರಿಸ್ತೀನಿ ಅಂತಾರೆ. ಎಲ್ಲಾ ವಿಷಯದಾಗೂ ಎ ಬಂದ್ರೆ ಓದಿಸ್ತೀನಿ ಅಂತ ಮಾತು ಕೊಟ್ಟವ್ರೆ. ಒಂದ್ರಾಗೆ ಬಿ ಬಂದ್ರೂ ಮುಗೀತು." ಇಷ್ಟು ಹೇಳಿ ಹೋದರು. ಆವತ್ತಿನಿಂದ ನಾನು ನೋಟ್ಸನ್ನು ಭಕ್ತಿಯಿಂದ ಬರೆಯತೊಡಗಿದೆ.

ಮೂವತ್ತಾರು ಪುಟ ಬರೆದೆ. ನನ್ನ ಕೈಬರಹ ಮೊದಲಿನಿಂದಲೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಮೊಳಕಾಲ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಟೈಪು ಮಾಡಲು ಕೊಟ್ಟೆ. ಅಂಗಡಿಯ ಹೆಂಗಸು ಕರಡು ಕೈಗಿಟ್ಟು, "ಒಂದ್ಸಲ ಪೂರ್ತಿ ನೋಡಿ ಸೈನ್ ಮಾಡ್ರಿ ಮೇಡಂ, ಆಮೇಲೆ ನಮ್ಮನ್ನ ಅನ್ನಬ್ಯಾಡ್ರಿ" ಎಂದರು. ಮೊದಲ ಮೂರು ಪುಟ ಅಕ್ಷರ ಅಕ್ಷರ ಓದಿದೆ. ನಮ್ಮೂರು ಚಳ್ಳಕೆರೆಗೆ ಹೋಗುವ ಬಸ್ಸು ಬರುವ ಹೊತ್ತಾಗಿತ್ತು. ಉಳಿದ ಪುಟಗಳಲ್ಲಿ ಸಾಲುಗಳು ನೆಟ್ಟಗಿವೆಯೇ ಎಂದು ನೋಡಿದೆ. ನೆಟ್ಟಗಿದ್ದವು. ಸರಿಯಾಗಿದೆ ಎಂದು ಬರೆದು ಸಹಿ ಹಾಕಿದೆ.

ಬೌದ್ಧ ಧರ್ಮದ ಪ್ರಚಾರಕ್ಕಾಗಿ ಅಶೋಕ ತನ್ನ ಮಗ ಮಹೇಂದ್ರ, ಮಗಳು ಸಂಘಮಿತ್ರೆ ಇಬ್ಬರನ್ನೂ ಶ್ರೀಲಂಕಾಕ್ಕೆ ಕಳಿಸಿದ ಎಂಬುದು ಹದಿನಾಲ್ಕನೆಯ ಪುಟದಲ್ಲಿತ್ತು. ನನ್ನ ಕೈಬರಹದಲ್ಲಿ ಮಿ ಎಂಬುದು ಮಾ ಥರ ಕಂಡಿದೆ. ಅಂಗಡಿಯವರು ಕಂಡದ್ದನ್ನು ಹೊಡೆದಿದ್ದಾರೆ. ಹೀಗೆ ಅಶೋಕನ ಮಗಳು ಸಂಘಮಾತ್ರೆಯಾದಳು.

ಬಾಯಿಪಾಠ ಶುರುವಾಯಿತು. ನಾನು ಪ್ರಶ್ನೆ ಓದುವುದು, ಮಕ್ಕಳು ಒಟ್ಟಿಗೆ ಉತ್ತರ ಕೂಗುವುದು. ಮೊದಲ ವಾರ ಹಿಂಸೆಯಾಯಿತು, ಎರಡನೆಯ ವಾರ ಅಭ್ಯಾಸವಾಯಿತು, ಮೂರನೆಯ ವಾರದಿಂದ ಹಿತವೇ ಆಯಿತು. ಯಾರೂ ಏನೂ ಕೇಳುವುದಿಲ್ಲ. ಗಂಟಲು ನೋಯುವುದಿಲ್ಲ. ಹೊಸಬರಿಗೆ ಒಂದು ಮಾತು: ತರಗತಿ ಬಹಳ ಹಿತವಾಗಿದೆ ಅನ್ನಿಸಿದ ದಿನ ಒಮ್ಮೆ ಪುಸ್ತಕ ತೆಗೆದು ನೋಡಿ.

ಹದಿನಾಲ್ಕನೆಯ ಪುಟದ ದಿನ ಭಾರ್ಗವಿ ಎದ್ದು ನಿಂತಳು.

"ಮೇಡಂ, ಪುಸ್ತಕದಾಗೆ ಬೇರೆ ಥರ ಐತೆ."

ಬೆಲ್ಲು ಹೊಡೆಯಲು ಐದು ನಿಮಿಷವಿತ್ತು. ಇನ್ನೂ ಎರಡು ಪುಟ ಬಾಕಿ ಇತ್ತು. ಏನು ಬೇರೆ ಥರ ಎಂದು ನಾನು ಕೇಳಲಿಲ್ಲ.

"ನೋಟ್ಸ್‌ನಲ್ಲಿ ಏನಿದೆಯೋ ಅದನ್ನೇ ಬರಿಯಮ್ಮ. ಅಂಕ ಕೊಡೋದು ಅದಕ್ಕೇ."

"ಇದು ತಪ್ಪು ಅನ್ಸುತ್ತೆ ಮೇಡಂ."

"ಕೂತ್ಕೋ ಭಾರ್ಗವಿ."

ಕೂತಳು. ತರಗತಿ ಒಟ್ಟಿಗೆ ಉತ್ತರ ಕೂಗಿತು. ಆ ಹೆಸರು ನನ್ನ ಕಿವಿಗೂ ಬಿದ್ದಿರಬೇಕು. ನಾನು ಗಮನಿಸುತ್ತಿದ್ದದ್ದು ಹಿಂದಿನ ಸಾಲಿನವರು ಜೋರಾಗಿ ಕೂಗುತ್ತಿದ್ದಾರೆಯೇ ಎಂದು. ಕೂಗುತ್ತಿದ್ದರು.

ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ನೋಡಿ ನನಗೆ ಸಂತೋಷವಾಯಿತು. ಶ್ರೀಲಂಕಾಕ್ಕೆ ಅಶೋಕ ಯಾರನ್ನು ಕಳಿಸಿದ ಎಂಬ ಪ್ರಶ್ನೆ ಬಂದಿತ್ತು. ನಲವತ್ತೊಂದು ಮಕ್ಕಳೂ ಖುಷಿಯಾಗಿ ಹೊರಗೆ ಬಂದರು. ಪದ್ಮಕ್ಕ ಗೇಟಿನಲ್ಲಿ ನಿಂತು ಮಗಳಿಂದ ಒಂದೊಂದೇ ಉತ್ತರ ಕೇಳಿಕೊಂಡು, ನನ್ನ ಕಡೆ ನೋಡಿ ಕೈ ಮುಗಿದರು.

ಹತ್ತು ದಿನಕ್ಕೆ ಕರೆ ಬಂತು. ತಿದ್ದುವ ಕೇಂದ್ರದಲ್ಲಿ ನಮ್ಮ ಶಾಲೆಯ ಪತ್ರಿಕೆಗಳನ್ನು ಬೇರೆ ಇಟ್ಟಿದ್ದಾರಂತೆ. ಸಾಮೂಹಿಕ ನಕಲು ಎಂದು ವರದಿಯಾಗಿದೆಯಂತೆ. ನಮ್ಮಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ. ಮೂರನೆಯ ದಿನ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ತೆಳ್ಳಗೆ, ಎತ್ತರಕ್ಕಿದ್ದರು, ನಗುತ್ತಿರಲಿಲ್ಲ. ಹೆಡ್‌ಮಾಸ್ತರ ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಸಾಲಾಗಿ ಹರಡಿದರು. ಜಾಗ ಸಾಲದೆ ಬೆಂಚಿನ ಮೇಲೂ ಇಟ್ಟರು. ಎಲ್ಲವೂ ಒಂದೇ ಪುಟಕ್ಕೆ ತೆರೆದಿದ್ದವು.

"ಮೇಡಂ, ಅಶೋಕ ಶ್ರೀಲಂಕಾಕ್ಕೆ ಒಂದು ಮಾತ್ರೆ ಕಳಿಸಿದ್ದಾನೆ" ಎಂದರು. "ಯಾವ ಕಾಯಿಲೆಗೆ?"

ನಾನು ಬಗ್ಗಿ ಓದಿದೆ. ಮುಂದಿನದನ್ನು ಓದಿದೆ. ನಲವತ್ತೊಂದನ್ನೂ ಓದುವ ಅಗತ್ಯವಿರಲಿಲ್ಲ, ಆದರೂ ಓದಿದೆ. ಮುಗಿಯುವ ತನಕ ತಲೆ ಎತ್ತಬೇಕಾಗಿರಲಿಲ್ಲವಲ್ಲ.

ಅಧಿಕಾರಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಪಕ್ಕದವರದ್ದು ನೋಡಿ ಬರೆದೆಯಾ ಎಂದು ಕೇಳಿದರು. ಎಲ್ಲರೂ ಇಲ್ಲ ಎಂದರು. ಓಬಯ್ಯನವರ ಮಗ ಅಳಲು ಶುರು ಮಾಡಿದ. ಭಾರ್ಗವಿ ಒಳಗೆ ಬಂದಳು.

"ಅಶೋಕನ ಮಗಳ ಹೆಸರೇನಮ್ಮ?"

"ಸಂಘಮಿತ್ರೆ ಸಾರ್."

ಅವರು ಮೊದಲ ಸಲ ಪೆನ್ನು ಕೆಳಗಿಟ್ಟರು. ಅವಳ ಪತ್ರಿಕೆಯನ್ನು ಅವಳ ಮುಂದೆ ತಿರುಗಿಸಿದರು. "ಮತ್ತೆ ಇಲ್ಲಿ ಹೀಗ್ಯಾಕೆ ಬರೆದೆ?"

"ನೋಟ್ಸ್‌ನಾಗೆ ಹಂಗೈತೆ ಸಾರ್. ಅದನ್ನೇ ಬರಿ ಅಂದ್ರು."

"ಯಾರು ಅಂದ್ರು?"

ಅವಳು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ನಿಂತಳು. ನನ್ನ ಹೆಸರು ಹೇಳಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಾನೇ ಸಾರ್" ಎಂದೆ.

ಲಿಖಿತ ವಿವರಣೆ ಕೊಡಿ ಎಂದರು. ಹೆಡ್‌ಮಾಸ್ತರು ನನ್ನನ್ನು ವರಾಂಡಕ್ಕೆ ಕರೆದು, "ಪ್ರಿಂಟಿಂಗ್ ಮಿಸ್ಟೇಕ್ ಅಂತ ಒಂದೇ ಸಾಲು ಬರೆದುಕೊಡಿ ಮೇಡಂ, ಸುಳ್ಳೇನೂ ಅಲ್ವಲ್ಲ" ಎಂದರು. ಒಳ್ಳೆಯ ಸಲಹೆಯೇ. ನಾನು ಮೂರು ಸಾಲು ಬರೆದೆ. ಅಕ್ಷರ ತಪ್ಪಿದ್ದು ಅಂಗಡಿಯಲ್ಲಿ. ಅದನ್ನು ಸರಿ ಎಂದು ಸಹಿ ಹಾಕಿದ್ದು ನಾನು. ತಪ್ಪಿದೆ ಎಂದು ವಿದ್ಯಾರ್ಥಿನಿ ಎದ್ದು ಹೇಳಿದಾಗ ಅವಳನ್ನು ಕೂರಿಸಿದ್ದು ನಾನು. ಅಧಿಕಾರಿ ಓದಿ, "ಮೂರನೇದು ಬೇಕಾಗಿಲ್ಲ, ಹೊಡೆದುಹಾಕಿ" ಎಂದರು. ಇರಲಿ ಎಂದೆ. ಇರಲಿ ಎಂದು ಅವರೂ ಕಡತಕ್ಕೆ ಸೇರಿಸಿಕೊಂಡರು.

ನಕಲು ನಡೆದಿಲ್ಲ ಎಂದು ತೀರ್ಮಾನವಾಯಿತು. ಸಮಾಜ ವಿಜ್ಞಾನಕ್ಕೆ ಮಾತ್ರ ನಮ್ಮ ಶಾಲೆಗೆ ಮರುಪರೀಕ್ಷೆ. ನನಗೆ ಎಚ್ಚರಿಕೆಯ ಪತ್ರ. ಅದು ನನ್ನ ಸೇವಾ ಪುಸ್ತಕದಲ್ಲಿ ಈಗಲೂ ಇದೆ.

ಮಾರನೆಯ ದಿನ ಭಾರ್ಗವಿ ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸಂಜೆ ನಾನೇ ಅವರ ಮನೆಗೆ ಹೋದೆ. ನಡುಮನೆಯಲ್ಲಿ ನೆಲ ತೋಡಿ ಕೂರಿಸಿದ ಎರಡು ಗುಣಿ ಮಗ್ಗ. ಒಂದರಲ್ಲಿ ಅವಳ ಅಪ್ಪ ವೆಂಕಟೇಶಪ್ಪ ಕೂತು ನೇಯುತ್ತಿದ್ದರು. ಇನ್ನೊಂದರಲ್ಲಿ ಭಾರ್ಗವಿ ಕೂತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಹೋದಳು.

"ಕೂರ್ಚೋಂಡಿ ಮೇಡಂ" ಎಂದರು ವೆಂಕಟೇಶಪ್ಪ. ಆಮೇಲೆ ನಾನು ಚಳ್ಳಕೆರೆಯ ಕನ್ನಡದವಳೆಂದು ನೆನಪಾಗಿ, "ಕೂತ್ಕೊಳ್ರಿ" ಎಂದು ಕನ್ನಡಕ್ಕೆ ಬಂದರು. ಲಾಳಿ ಓಡಿಸುವುದನ್ನು ನಿಲ್ಲಿಸಲಿಲ್ಲ. ಪದ್ಮಕ್ಕ ಕಾಫಿ ತಂದುಕೊಟ್ಟು ಬಾಗಿಲ ಹತ್ತಿರ ನಿಂತರು.

ನಡೆದದ್ದೆಲ್ಲ ಹೇಳಿದೆ. ತಪ್ಪು ನನ್ನದು, ಮರುಪರೀಕ್ಷೆಯಲ್ಲಿ ಅವಳಿಗೆ ಎ ಬರುತ್ತದೆ, ಶಾಲೆ ಬಿಡಿಸಬೇಡಿ ಎಂದೆ. ಅವರು ತುಂಬ ಹೊತ್ತು ನೇಯ್ದರು.

"ಹುಡುಗಿಗೆ ತಪ್ಪು ಅಂತ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು. ನನಗೆ ಹೇಳಿದಳು ಕೂಡ."

"ಗೊತ್ತಿದ್ದೂ ಬರೆದ್ಲು."

"ನಾನು ಬರಿ ಅಂದೆ."

ಲಾಳಿ ನಿಂತಿತು. "ಮಾರ್ಕ್ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಇಲ್ಲಿ ಮಗ್ಗದ ಮೇಲೆ ಒಂದು ಎಳೆ ತಪ್ಪಿದ್ರೆ ಇವಳು ಯಾರನ್ನೂ ಕೇಳಲ್ಲ. ಬಿಚ್ತಾಳೆ. ಅರ್ಧ ದಿನದ ಕೆಲ್ಸ ಆದ್ರೂ ಬಿಚ್ತಾಳೆ. ನಾನು ಬ್ಯಾಡ ಬಿಡು, ಕಾಣಲ್ಲ ಅಂದ್ರೂ ಬಿಚ್ತಾಳೆ. ನಿಮ್ಮ ಸ್ಕೂಲ್‌ಗೆ ಬಂದು ತಪ್ಪು ಅಂತ ಗೊತ್ತಿದ್ದೂ ಅಂದವಾಗಿ ಬರೆಯೋದು ಕಲಿತವ್ಳೆ. ಇನ್ನೂ ಎರಡು ವರ್ಸ ಕಳಿಸು ಅಂತೀರಾ?"

ಕಾಫಿ ಆರಿತ್ತು. ಕುಡಿದೆ.

"ಪರೀಕ್ಷೆ ಆಗೋ ತನಕ ಕಳಿಸಿ. ಅಷ್ಟು ಕೇಳ್ತೀನಿ" ಎಂದೆ.

ಅವರು ಪದ್ಮಕ್ಕನ ಕಡೆ ನೋಡಿದರು. ಪದ್ಮಕ್ಕ ತೆಲುಗಿನಲ್ಲಿ ಏನೋ ಅಂದರು, ಸಣ್ಣ ಮಾತು, ನನಗೆ ಕೇಳಿಸಲಿಲ್ಲ. "ಪರೀಕ್ಷೆ ತನಕ" ಎಂದರು ವೆಂಕಟೇಶಪ್ಪ. ಲಾಳಿ ಮತ್ತೆ ಓಡಿತು.

ಎರಡನೆಯ ಸಭೆಯನ್ನು ಪೋಷಕರೇ ಕರೆದರು. ಮಕ್ಕಳಿಗೆ ಕಳ್ಳರ ಹೆಸರು ಬಂತಲ್ಲ ಎಂದು ಕೆಲವರು ಕೂಗಾಡಿದರು. ಆಮೇಲೆ ಪದ್ಮಕ್ಕ ಎದ್ದರು.

"ನೋಟ್ಸ್ ಕೊಡ್ರಿ ಅಂತ ಮೊದಲು ಕೇಳಿದ್ದು ನಾನು. ಈಗ್ಲೂ ನೋಟ್ಸ್ ಬ್ಯಾಡ ಅನ್ನಲ್ಲ. ಪರೀಕ್ಷೆ ಅಂತೂ ಬರೀಲೇಬೇಕಲ್ಲ. ಆದ್ರೆ ತಪ್ಪು ಐತೆ ಅಂತ ಎದ್ದೋರ್ನ ಕೂರಿಸ್ಬ್ಯಾಡ್ರಿ. ಅಷ್ಟೇ."

"ಅಷ್ಟೇ ಅಲ್ಲ. ಗುಂಡಿಗೆ ಕರ್ಕೊಂಡ್ ಹೋಗ್ಬೇಕು" ಎಂದರು ಓಬಯ್ಯನವರು.

ಹೆಡ್‌ಮಾಸ್ತರು ಮರುಪರೀಕ್ಷೆಗೆ ಮೂರೇ ವಾರ ಇದೆ ಎಂದರು. ಓಬಯ್ಯನವರು ಅರ್ಧ ದಿನದ ಕೆಲಸ ಎಂದರು. ಹೆಡ್‌ಮಾಸ್ತರು ಕಪಾಟಿನಿಂದ ಒಂದು ನಮೂನೆ ತೆಗೆದು ನೋಡಿ, ಅದರಲ್ಲಿ "ಕ್ಷೇತ್ರ ಭೇಟಿ" ಎಂಬ ಅಂಕಣ ಇದೆಯೆಂದು ಕಂಡುಹಿಡಿದರು. ಹತ್ತು ವರ್ಷದಿಂದ ಖಾಲಿ ಕಳಿಸುತ್ತಿದ್ದ ಅಂಕಣ. ಒಪ್ಪಿಗೆ ಸಿಕ್ಕಿತು.

ಮರುದಿನದಿಂದ ತರಗತಿಯಲ್ಲಿ ನಾನು ಒಂದೇ ಕೆಲಸ ಕೊಟ್ಟೆ. ಪಠ್ಯಪುಸ್ತಕ ಒಂದು ಕಡೆ, ನನ್ನ ನೋಟ್ಸ್ ಇನ್ನೊಂದು ಕಡೆ ಇಟ್ಟುಕೊಂಡು ತಪ್ಪು ಹುಡುಕಿ ಎಂದೆ. ಮಕ್ಕಳು ಅಷ್ಟು ಶ್ರದ್ಧೆಯಿಂದ ಓದಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹನ್ನೊಂದು ಸಿಕ್ಕವು. ಒಂದನ್ನು ಮಾತ್ರ ನಾನು ತಪ್ಪಲ್ಲ ಎಂದು ವಾದಿಸಿದೆ. ಓಬಯ್ಯನವರ ಮಗ ಗ್ರಂಥಾಲಯದಿಂದ ನಕಾಶೆ ತಂದು ತೋರಿಸಿದ. ಅದೂ ತಪ್ಪೇ.

ಬ್ರಹ್ಮಗಿರಿಗೆ ಒಂದು ಶನಿವಾರ ಬೆಳಗ್ಗೆ ಹೋದೆವು. ಅಶೋಕನ ಪಾಠವನ್ನು ಅಷ್ಟು ವರ್ಷ ಮಾಡಿದ ನಾನು ಆ ಬಂಡೆ ನೋಡಿದ್ದು ಆವತ್ತೇ ಮೊದಲು. ಅದನ್ನು ಯಾರಿಗೂ ಹೇಳಲಿಲ್ಲ. ಓಬಯ್ಯನವರಿಗೆ ಗೊತ್ತಾಯಿತು ಅನ್ನಿಸುತ್ತದೆ, ದಾರಿ ತೋರಿಸುವಾಗ ಪ್ರತಿ ತಿರುವಿನಲ್ಲೂ ನನಗೆ ಮಾತ್ರ ಹೇಳುತ್ತಿದ್ದರು. ಅಕ್ಷರ ಬ್ರಾಹ್ಮಿ. ಓದಲು ನನಗೂ ಬಾರದು. ಅರ್ಥ ಬರೆದುಕೊಂಡು ಹೋಗಿದ್ದೆ. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂದು ಓದಿ ಹೇಳಿದೆ.

ಓಬಯ್ಯನವರು ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಕೇಳಿದರು. "ಇಷ್ಟೇನಾ?"

"ಮುಖ್ಯವಾಗಿ ಇಷ್ಟೇ."

"ಗುರುಗಳು ಶಿಷ್ಯರ ಮಾತು ಕೇಳ್ಬೇಕು ಅಂತ ಬರ್ದಿಲ್ವಾ?"

"ಇಲ್ಲ ಓಬಯ್ಯನೋರೆ."

ಅವರು ಬಂಡೆಯ ಸುತ್ತ ಒಂದು ಸಲ ಕಣ್ಣಾಡಿಸಿದರು. "ಜಾಗ ಸಾಲ್ದೇನೋ" ಎಂದರು.

ಭಾರ್ಗವಿ ಬಂಡೆಯ ಹತ್ತಿರ ತುಂಬ ಹೊತ್ತು ಕೂತಿದ್ದಳು. ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಅರ್ಥವಾಗದಿದ್ದರೂ. ಅವಳ ಕ್ಷಮೆ ಕೇಳಬೇಕೆಂದಿದ್ದೆ. ಇಳಿಯುವಾಗ ಕೇಳಿದೆ. "ಪರ್ವಾಗಿಲ್ಲ ಮೇಡಂ" ಎಂದಳು. ಮಕ್ಕಳು ಹಾಗೇ ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಮರುಪರೀಕ್ಷೆಗೆ ಬೇರೆ ಶಾಲೆಯ ಒಬ್ಬ ಶಿಕ್ಷಕಿಯನ್ನು ಮೇಲ್ವಿಚಾರಣೆಗೆ ಹಾಕಿದ್ದರು. ನನ್ನನ್ನು ಗೇಟಿನ ಒಳಗೇ ಬಿಡಲಿಲ್ಲ. ಒಳಗೆ ನಡೆದದ್ದನ್ನು ಆಕೆಯೇ ಆಮೇಲೆ ಹೇಳಿದರು. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಅಶೋಕನ ಶಾಸನವಿರುವ ಬ್ರಹ್ಮಗಿರಿ ಯಾವ ತಾಲ್ಲೂಕಿನಲ್ಲಿದೆ? ಕೊಟ್ಟಿದ್ದ ಆಯ್ಕೆಗಳು ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ.

ಭಾರ್ಗವಿ ಎದ್ದು ನಿಂತಳಂತೆ. "ಮೇಡಂ, ನಾಕೂ ತಪ್ಪು."

"ಯಾವುದಾದರೊಂದಕ್ಕೆ ಗುರುತು ಹಾಕಮ್ಮ. ಕೂತ್ಕೋ" ಎಂದರಂತೆ ಮೇಲ್ವಿಚಾರಕಿ.

ಕೂತಳಂತೆ. ಬೇರೆ ಮಕ್ಕಳು ಸ್ವಲ್ಪ ಯೋಚನೆ ಮಾಡಿ, ಇದ್ದುದರಲ್ಲಿ ಹತ್ತಿರ ಎಂದು ಚಳ್ಳಕೆರೆಗೆ ಗುರುತು ಹಾಕಿದರು. ಮಾದರಿ ಉತ್ತರದಲ್ಲಿಯೂ ಚಳ್ಳಕೆರೆ ಎಂದೇ ಇತ್ತು. ನಾನು ಚಳ್ಳಕೆರೆಯವಳು. ಅಶೋಕ ನಮ್ಮ ತಾಲ್ಲೂಕಿಗೆ ಬಂದದ್ದು ನನಗೆ ಸಂತೋಷವೇ. ಆದರೂ ಕಚೇರಿಗೆ ಫೋನು ಮಾಡಿ ಹೇಳಿದೆ. ಮಾದರಿ ಉತ್ತರ ಒಮ್ಮೆ ಪ್ರಕಟವಾದ ಮೇಲೆ ಬದಲಿಸಲು ಅವಕಾಶವಿಲ್ಲ ಎಂದರು. ಪತ್ರ ಬರೆದೆ. ಉತ್ತರ ಬರಲಿಲ್ಲ.

ಭಾರ್ಗವಿಗೆ ಸಮಾಜ ವಿಜ್ಞಾನದಲ್ಲಿ ಎ ಶ್ರೇಣಿಗೆ ಎರಡು ಅಂಕ ಕಡಿಮೆ ಬಂತು. ಒಂದು ಇದು. ಇನ್ನೊಂದು ಭೂಗೋಳದಲ್ಲಿ, ಅಕ್ಷಾಂಶ ಎನ್ನುವ ಕಡೆ ರೇಖಾಂಶ ಎಂದು ಬರೆದದ್ದು. ಅದಕ್ಕೆ ಅವಳೇ ಹೊಣೆ.

ಉತ್ತರಪತ್ರಿಕೆ ತೋರಿಸಿ ಅಂಕಪಟ್ಟಿಗೆ ಪೋಷಕರ ಸಹಿ ಪಡೆಯುವ ದಿನ ಪದ್ಮಕ್ಕ ಬರುತ್ತಾರೆ ಎಂದುಕೊಂಡಿದ್ದೆ. ಬಂದವರು ವೆಂಕಟೇಶಪ್ಪ. ಶಾಲೆಯ ಒಳಗೆ ಅವರು ಬಂದದ್ದು ಅದೇ ಮೊದಲು. ಅಂಗಿಯ ಮೇಲೆ ರೇಷ್ಮೆಯ ಎಳೆ ಅಂಟಿತ್ತು. ಹಿಂದೆ ಭಾರ್ಗವಿ ನಿಂತಿದ್ದಳು. ಅವರು ಮೊದಲು ಅಂಕಪಟ್ಟಿ ನೋಡಿದರು. ಬಿ ಎಂಬುದರ ಮೇಲೆ ಬೆರಳಿಟ್ಟು, "ಇದೇನಾ?" ಎಂದರು. ಹೌದೆಂದೆ. ನಾನು ಪತ್ರಿಕೆ ತೆರೆದು ಆ ಪ್ರಶ್ನೆಯ ಪುಟ ಅವರ ಮುಂದಿಟ್ಟೆ.

ನಾಲ್ಕು ಆಯ್ಕೆಗೂ ಅವಳು ಗುರುತು ಹಾಕಿರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ದುಂಡಗೆ ಬರೆದಿದ್ದಳು: "ನಾಲ್ಕೂ ತಪ್ಪು. ಸರಿ ಉತ್ತರ ಮೊಳಕಾಲ್ಮೂರು. ನಾನು ಹೋಗಿ ನೋಡಿದ್ದೇನೆ." ಅದರ ಪಕ್ಕದಲ್ಲಿ ಕೆಂಪು ಮಸಿಯ ಸೊನ್ನೆ.

ವೆಂಕಟೇಶಪ್ಪನವರಿಗೆ ತೆಲುಗು ಸಲೀಸು, ಕನ್ನಡ ನಿಧಾನ. ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದರು.

"ಈ ನಾಕರಾಗೆ ಒಂದಕ್ಕೆ ಟಿಕ್ ಹಾಕಿದ್ರೆ ಮಾರ್ಕ್ ಬರ್ತಿತ್ತಾ ಮೇಡಂ?"

"ಚಳ್ಳಕೆರೆಗೆ ಹಾಕಿದ್ರೆ ಬರ್ತಿತ್ತು."

ಅವರು ಮಗಳ ಕಡೆ ತಿರುಗಿದರು. "ನೀಕು ತೆಲುಸಾ?" ಗೊತ್ತಿತ್ತಾ ನಿನಗೆ ಎಂದು.

"ತೆಲುಸು ನಾನ್ನಾ." ಗೊತ್ತಿತ್ತು ಅಪ್ಪಾ ಎಂದಳು.

ವೆಂಕಟೇಶಪ್ಪ ಪೆನ್ನು ಕೇಳಿದರು. ಕೊಟ್ಟೆ. ಅಂಕಪಟ್ಟಿಯ ಕೆಳಗೆ ತೆಲುಗಿನಲ್ಲಿ ನಿಧಾನವಾಗಿ ಸಹಿ ಹಾಕಿ, ಮಸಿ ಆರಲಿ ಎಂದು ಊದಿದರು. ಆಮೇಲೆ ಅದನ್ನು ನನ್ನ ಕಡೆ ತಳ್ಳಿ ಕೇಳಿದರು:

"ಒಂಬತ್ತನೇ ಕ್ಲಾಸಿನ ಪುಸ್ತಕ ಯಾವಾಗ ಕೊಡ್ತೀರಿ? ರಟ್ಟು ಹಾಕ್ಬೇಕು. ಮಗ್ಗಕ್ಕೆ ಹಾಕೋ ಹಳೇ ರಟ್ಟಿನ ಡಿಸೈನ್ ಕಾರ್ಡ್ ಮನೇಲಿ ಬಿದ್ದಾವೆ, ಸೇರಿಸಿ ಹೊಲಿದ್ರೆ ಆಗ್ತದೆ. ತೂತು ತೂತು ಇರ್ತವೆ. ಸ್ಕೂಲ್‌ನಾಗೆ ಏನೂ ಅನ್ನಲ್ವಲ್ಲ?"

ಏನೂ ಅನ್ನುವುದಿಲ್ಲ ಎಂದೆ.